ಒಬ್ಬರಿಗಷ್ಟೇ ಅಡುಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾಲ್ಕು ಜನರಿಗೆ ಅಡುಗೆ ಮಾಡಿ ರೂಢಿಯಾದ ಕೈ. ಈಗ ಮನೆಯಲ್ಲಿ ನಾನೊಬ್ಬಳೇ. ಎಷ್ಟು ಕಡಿಮೆ ಹಾಕಿದರೂ ಹುಳಿ ಮೂರು ದಿನಕ್ಕಾಗುವಷ್ಟು ಆಗಿಬಿಡುತ್ತದೆ. ಅಳತೆಯನ್ನು ಕಾಲು ಭಾಗಕ್ಕೆ ಇಳಿಸಿದರೆ ರುಚಿ ಕೆಡುತ್ತದೆ. (ಮೈಸೂರಿನ ಓದುಗರು)

ಉತ್ತರ: ಬೇಳೆ, ತರಕಾರಿ, ಉಪ್ಪು, ಹುಣಿಸೆಯನ್ನು ಕಾಲು ಭಾಗಕ್ಕೆ ಇಳಿಸಬಹುದು. ನೀರು ಮತ್ತು ಒಗ್ಗರಣೆ ಎಣ್ಣೆಯನ್ನು ಹಾಗೆ ಇಳಿಸಲಾಗದು. ಪಾತ್ರೆಯ ಬಾಯಿ ಅಷ್ಟೇ ಅಗಲವಿದ್ದರೆ, ಒಳಗಿರುವುದು ಒಂದು ಲೋಟವಾದರೂ ನಾಲ್ಕು ಲೋಟವಾದರೂ ಹತ್ತು ನಿಮಿಷದ ಕುದಿಗೆ ಆವಿಯಾಗುವ ನೀರು ಹೆಚ್ಚುಕಡಿಮೆ ಒಂದೇ. ಹಾಗಾಗಿ ಸ್ವಲ್ಪ ಹುಳಿ ಬೇಗ ಗಟ್ಟಿಯಾಗಿ ಉಪ್ಪುಪ್ಪಾಗುತ್ತದೆ. ಅದಕ್ಕೆ ನೀರು ಹೊಯ್ಯುತ್ತೀರಿ, ಸಪ್ಪೆಯಾಯಿತೆಂದು ಪುಡಿ ಹಾಕುತ್ತೀರಿ, ಮತ್ತೆ ಹುಳಿ ಹಿಂಡುತ್ತೀರಿ. ಮೂರು ದಿನದ ಹುಳಿ ತಯಾರಾಗುವುದು ಹೀಗೆ. ಮೊದಲು ಪಾತ್ರೆ ಬದಲಿಸಿ: ಮುಕ್ಕಾಲು ಲೀಟರ್ ಹಿಡಿಯುವ, 12ರಿಂದ 14 ಸೆಂ.ಮೀ. ಬಾಯಿಯ, ದಪ್ಪ ತಳದ್ದು ಸಾಕು.

ಒಬ್ಬರ ಒಂದು ಹೊತ್ತಿನ ಹುಳಿಗೆ ತೊಗರಿಬೇಳೆ 2 ಟೇಬಲ್ ಚಮಚ (ಸುಮಾರು 30 ಗ್ರಾಂ), ಹೆಚ್ಚಿದ ತರಕಾರಿ 80ರಿಂದ 100 ಗ್ರಾಂ, ಸಣ್ಣ ಗೋಲಿಯಷ್ಟು ಹುಣಿಸೆ, ಹುಳಿಪುಡಿ ಒಂದೂವರೆ ಟೀ ಚಮಚ, ಕಾಯಿತುರಿ 1 ಟೇಬಲ್ ಚಮಚ, ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು. ಒಗ್ಗರಣೆಗೆ ಎಣ್ಣೆ 1 ಟೀ ಚಮಚಕ್ಕಿಂತ ಕಡಿಮೆ ಬೇಡ. ಎಣ್ಣೆಯಲ್ಲಿ ಮುಳುಗದಿದ್ದರೆ ಸಾಸಿವೆ ಸರಿಯಾಗಿ ಸಿಡಿಯುವುದಿಲ್ಲ, ಅಷ್ಟರಲ್ಲಿ ಇಂಗು ಸೀದಿರುತ್ತದೆ. ಒಗ್ಗರಣೆ ಸೌಟನ್ನು ಓರೆಯಾಗಿ ಹಿಡಿದರೆ ಆ ಒಂದು ಚಮಚವೇ ಧಾರಾಳ.

ಇನ್ನು 30 ಗ್ರಾಂ ಬೇಳೆಗಾಗಿ ದಿನವೂ ಕುಕ್ಕರ್ ಇಡುವುದು ಗ್ಯಾಸಿಗೂ ದಂಡ, ಮನಸ್ಸಿಗೂ ಬೇಸರ. ಅರ್ಧ ಕಪ್ ಬೇಳೆಯನ್ನು ಅರಿಸಿನ, ಒಂದು ತೊಟ್ಟು ಎಣ್ಣೆ ಹಾಕಿ ಬೇಯಿಸಿ, ಆರಿದ ಮೇಲೆ ಮೂರು ಡಬ್ಬಿಗೆ ಹಂಚಿ. ಉಪ್ಪು, ಹುಳಿ, ಪುಡಿ ಯಾವುದೂ ಬೇಡ. ಒಂದು ಇಂದಿಗೆ, ಒಂದು ಫ್ರಿಜ್ಜಿನಲ್ಲಿ ನಾಳೆಗೆ, ಮೂರನೆಯದು ಫ್ರೀಜರಿಗೆ. ಬರಿ ಬೇಳೆ ನಾಳೆ ತೊವ್ವೆಯಾಗಬಹುದು, ಸಾರಾಗಬಹುದು, ಸೊಪ್ಪಿದ್ದರೆ ಮಸೊಪ್ಪಾಗಬಹುದು. ಹುಳಿ ಮಾತ್ರ ನಾಳೆಯೂ ಹುಳಿಯೇ. ಆದ್ದರಿಂದ ನಮ್ಮ ಸಲಹೆ ಇಷ್ಟು: ಮಾಡಿ ಮುಗಿಸಿದ ಅಡುಗೆಯನ್ನು ಕೂಡಿಡಬೇಡಿ, ಅರೆ ತಯಾರಾದ ಸಾಮಗ್ರಿಯನ್ನು ಕೂಡಿಡಿ.

ಪ್ರಶ್ನೆ: ನನ್ನ ಹತ್ತಿರ ಇರುವುದು ಐದು ಲೀಟರಿನ ಕುಕ್ಕರ್. ಒಬ್ಬನಿಗೆ ಬೇಕಾಗುವಷ್ಟು ಅಕ್ಕಿ ಇಟ್ಟರೆ ತಳ ಹಿಡಿಯುತ್ತದೆ. ಅದಕ್ಕೇ ಹೆಚ್ಚು ಮಾಡಿ, ಉಳಿದದ್ದಕ್ಕೆ ಬೆಳಗ್ಗೆ ಚಿತ್ರಾನ್ನ ಕಲಸುತ್ತೇನೆ. ಸರಿಯೇ? (ಹುಬ್ಬಳ್ಳಿಯ ಓದುಗರು)

ಉತ್ತರ: ದೊಡ್ಡ ಕುಕ್ಕರಿನಲ್ಲಿ ಆವಿ ತುಂಬಿ ಒತ್ತಡ ಏರುವಷ್ಟರಲ್ಲಿ ನಿಮ್ಮ ಒಂದು ಲೋಟ ನೀರಿನಲ್ಲಿ ಒಂದಿಷ್ಟು ಆವಿಯಾಗಿ ಹೋಗಿರುತ್ತದೆ; ತಳ ಹಿಡಿಯುವುದು ಅದಕ್ಕೇ. ಅಕ್ಕಿಯನ್ನು ನೇರವಾಗಿ ಹಾಕಬೇಡಿ. ಕುಕ್ಕರಿನ ತಳದಲ್ಲಿ ಎರಡು ಲೋಟ ನೀರು, ಅದರ ಮೇಲೆ ತೂತಿನ ತಟ್ಟೆ, ಮೇಲೊಂದು ಸಣ್ಣ ಸ್ಟೀಲ್ ಪಾತ್ರೆಯಲ್ಲಿ 75 ಗ್ರಾಂ (ಕಪ್ಪಿನ ಮೂರನೇ ಒಂದು ಭಾಗದಷ್ಟು) ಸೋನಾಮಸೂರಿ, ಅದರ ಎರಡೂವರೆ ಪಟ್ಟು ನೀರು. ಮೂರು ಕೂಗು ಬಂದ ಮೇಲೆ ಆರಿಸಿ, ಒತ್ತಡ ತಾನಾಗಿ ಇಳಿಯಲಿ. ಪಕ್ಕದಲ್ಲಿ ಜಾಗವಿದ್ದರೆ ಬೇಳೆಯ ಪಾತ್ರೆಯನ್ನೂ ಆಗಲೇ ಇಡಿ.

ಚಿತ್ರಾನ್ನದ ವಿಷಯ ಗಂಭೀರವಾಗಿ ಹೇಳಬೇಕು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ರಾತ್ರಿಯೆಲ್ಲ ಅಡುಗೆಕಟ್ಟೆಯ ಮೇಲೆ ಬೆಚ್ಚಗೆ ಕುಳಿತರೆ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ಬರಿಸುವ ಆ ವಿಷ ಒಗ್ಗರಣೆಯ ಬಿಸಿಗೂ ನಾಶವಾಗುವುದಿಲ್ಲ. ಅನ್ನ ಹಳಸಿದ ವಾಸನೆ ಬರಲೇಬೇಕೆಂದೂ ಇಲ್ಲ. ಬೆಳಗ್ಗೆಗೆ ಬೇಕೆಂದೇ ಹೆಚ್ಚು ಮಾಡಿದರೆ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಒಂದು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗೆ ಸೇರಿಸಿ. ಮರುದಿನವೇ ತಿಂದು ಮುಗಿಸಿ.

ಪ್ರಶ್ನೆ: ಒಂದು ತೆಂಗಿನಕಾಯಿ ಒಡೆದರೆ ಅರ್ಧ ಹಾಳಾಗುತ್ತದೆ. ಎರಡು ಚಮಚ ಕಾಯಿ ಮಿಕ್ಸಿಯಲ್ಲಿ ರುಬ್ಬಿಕೊಳ್ಳುವುದೂ ಇಲ್ಲ. (ಪುಣೆಯ ಕನ್ನಡ ಓದುಗರು)

ಉತ್ತರ: ಒಡೆದ ದಿನವೇ ಪೂರ್ತಿ ತುರಿದು, ಪ್ಲಾಸ್ಟಿಕ್ ಚೀಲದಲ್ಲಿ ಅರ್ಧ ಇಂಚು ದಪ್ಪಕ್ಕೆ ತಟ್ಟಿ ಫ್ರೀಜರಿನಲ್ಲಿಡಿ. ಹೆಪ್ಪುಗಟ್ಟಿದ ಮೇಲೆ ಬೇಕಾದಷ್ಟನ್ನೇ ಮುರಿದು ತೆಗೆಯಬಹುದು. ಉಂಡೆ ಮಾಡಿಟ್ಟರೆ ಪ್ರತಿ ಸಲ ಇಡೀ ಉಂಡೆ ಕರಗಿಸಬೇಕಾಗುತ್ತದೆ, ರುಚಿ ಹೋಗುವುದು ಅಲ್ಲೇ. ರುಬ್ಬಲು ಚಟ್ನಿ ಜಾರ್ ಬಳಸಿ, ಮೊದಲು ನೀರಿಲ್ಲದೆ ತಿರುಗಿಸಿ, ಬದಿಗಂಟಿದ್ದನ್ನು ಕೆಳಗಿಳಿಸಿ, ಆಮೇಲೆ ಚಮಚ ಚಮಚವಾಗಿ ನೀರು ಹಾಕಿ. ಮೊದಲೇ ನೀರು ಸುರಿದರೆ ತುರಿ ತೇಲುತ್ತದೆ, ಬ್ಲೇಡಿಗೆ ಸಿಗುವುದಿಲ್ಲ.

ಪ್ರಶ್ನೆ: ದೋಸೆ ಹಿಟ್ಟು ಎರಡೇ ದಿನಕ್ಕೆ ಹುಳಿಯಾಗಿ ಚೆಲ್ಲಬೇಕಾಗುತ್ತದೆ. (ಬೆಂಗಳೂರಿನ ಓದುಗರು)

ಉತ್ತರ: ಒಂದು ಕಪ್ ಅಕ್ಕಿ, ಕಾಲು ಕಪ್ ಉದ್ದು, ಕಾಲು ಟೀ ಚಮಚ ಮೆಂತ್ಯ. ಇದಕ್ಕಿಂತ ಕಡಿಮೆ ಹಾಕಿದರೆ ಉದ್ದು ನುಣ್ಣಗಾಗುವುದಿಲ್ಲ. ರುಬ್ಬಿದ ಕೂಡಲೇ ಎರಡು ಪಾಲು ಮಾಡಿ. ಒಂದನ್ನು ಹುದುಗಲು ಹೊರಗಿಡಿ, ಇನ್ನೊಂದನ್ನು ಹುದುಗುವ ಮೊದಲೇ ಫ್ರಿಜ್ಜಿನ ಹಿಂಬದಿಗೆ ತಳ್ಳಿ. ಬಾಗಿಲಿನ ಅರೆಯಲ್ಲಿ ಬೇಡ, ಅಲ್ಲಿ ತಂಪು ನಿಲ್ಲುವುದಿಲ್ಲ. ಎರಡನೇ ಪಾಲನ್ನು ಬೇಕಾದ ಹಿಂದಿನ ಸಂಜೆ ಹೊರಗೆ ತೆಗೆಯಿರಿ. ಮೂರು ದಿನದೊಳಗೆ ಅದನ್ನೂ ಬಳಸಿ. ಕೊನೆಗೆ ಉಳಿದ ಹುಳಿ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಒಂದು ಚಮಚ ಚಿರೋಟಿ ರವೆ ಬೆರೆಸಿ ಪಡ್ಡು ಹಾಕಿ. ಪಡ್ಡಿಗೆ ತುಸು ಹುಳಿ ಹಿಟ್ಟೇ ಚೆನ್ನ.

ಪ್ರಶ್ನೆ: ಒಂದೇ ಮುದ್ದೆ ಮಾಡಿದರೆ ಗಂಟುಗಂಟಾಗುತ್ತದೆ. (ಮಂಡ್ಯದ ಓದುಗರು)

ಉತ್ತರ: ನೀರು ಮುಕ್ಕಾಲು ಕಪ್, ರಾಗಿಹಿಟ್ಟು ಮುಕ್ಕಾಲು ಕಪ್. ಬಾಯಿ ಕಿರಿದಾದ, ಎತ್ತರದ ಪಾತ್ರೆ ಇರಲಿ. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲೇ ಕದಡಿ ಕುದಿಸಿ, ಉಳಿದದ್ದನ್ನು ನಡುವೆ ಗುಡ್ಡೆಯಾಗಿ ಸುರಿದು ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ ಮುಟ್ಟದೆ ಬಿಡಿ. ಹಿಟ್ಟು ಬೇಯುವ ಮೊದಲೇ ಕೋಲಾಡಿಸುವುದರಿಂದಲೇ ಗಂಟು. ಆಮೇಲೆ ಬಿರುಸಾಗಿ ತಿರುವಿ, ಮುಚ್ಚಿ ಒಂದು ನಿಮಿಷ ಹಬೆಯಲ್ಲಿಟ್ಟು, ಒದ್ದೆ ಕೈಯಲ್ಲಿ ಕಟ್ಟಿ.