ವಿಂಡೋಸ್ ಡ್ರೈವ್ ಕಳಚಿದರೆ ಇನ್ನೊಂದು ಡ್ರೈವ್‌ನ ಲಿನಕ್ಸ್ ಏಕೆ ಬೂಟ್ ಆಗುವುದಿಲ್ಲ?

ಡ್ರೈವ್‌ಗಳು ಬೇರೆಯಾಗಿದ್ದರೂ ಲಿನಕ್ಸ್‌ನ ಬೂಟ್‌ಲೋಡರ್ (ಸಿಸ್ಟಮ್ ಅನ್ನು ಆರಂಭಿಸುವ ಪುಟ್ಟ ಪ್ರೋಗ್ರಾಂ) ವಿಂಡೋಸ್ ಡ್ರೈವ್‌ನಲ್ಲಿಯೇ ಕುಳಿತಿರುವುದು ಇದಕ್ಕೆ ಸಾಮಾನ್ಯ ಕಾರಣ. ಇನ್‌ಸ್ಟಾಲ್ ಮಾಡುವಾಗ ಎರಡೂ ಡ್ರೈವ್‌ಗಳು ಜೋಡಿಸಿಕೊಂಡಿದ್ದರೆ, ಕೆಲವು ಇನ್‌ಸ್ಟಾಲರ್‌ಗಳು ಹೊಸ ಇಎಫ್‌ಐ ಪಾರ್ಟಿಷನ್ (ಬೂಟ್ ಕಡತಗಳನ್ನು ಇರಿಸುವ ಡ್ರೈವ್‌ನ ಪುಟ್ಟ ವಿಭಾಗ) ರಚಿಸುವ ಗೋಜಿಗೆ ಹೋಗದೆ, ಮೊದಲು ಕಣ್ಣಿಗೆ ಬಿದ್ದ ಹಳೆಯದರಲ್ಲಿಯೇ ಗ್ರಬ್ ಎಂಬ ಲಿನಕ್ಸ್ ಬೂಟ್‌ಲೋಡರ್ ಅನ್ನು ಇರಿಸಿಬಿಡುತ್ತವೆ.

ವಿಂಡೋಸ್ ಡ್ರೈವ್ ಮತ್ತೆ ಜೋಡಿಸಿ ಲಿನಕ್ಸ್‌ಗೆ ಬೂಟ್ ಮಾಡಿ, ಇಎಫ್‌ಐ ಪಾರ್ಟಿಷನ್ ಯಾವ ಡ್ರೈವ್‌ನಿಂದ ಮೌಂಟ್ ಆಗಿದೆ (ಬಳಕೆಗೆ ತೆರೆದುಕೊಂಡಿದೆ) ಎಂಬುದನ್ನು ಪರಿಶೀಲಿಸಿ. ಅದು ವಿಂಡೋಸ್ ಡ್ರೈವ್‌ನದ್ದಾಗಿದ್ದರೆ, ಲಿನಕ್ಸ್ ಡ್ರೈವ್‌ನಲ್ಲಿ 512 ಎಂಬಿಯಷ್ಟು ಫ್ಯಾಟ್32 ಪಾರ್ಟಿಷನ್ ರಚಿಸಿ, ಅದಕ್ಕೆ ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಎಂಬ ಗುರುತು ಕೊಟ್ಟು, ಯಾವ ಪಾರ್ಟಿಷನ್‌ಗಳನ್ನು ಮೌಂಟ್ ಮಾಡಬೇಕೆಂದು ತಿಳಿಸುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಹಳೆಯ ಯುಯುಐಡಿಯ (ಪಾರ್ಟಿಷನ್‌ನ ವಿಶಿಷ್ಟ ಗುರುತು ಸಂಖ್ಯೆ) ಬದಲು ಹೊಸದನ್ನು ಬರೆದು, ಮೌಂಟ್ ಮಾಡಿ, ಗ್ರಬ್ ಅನ್ನು ಮರುಸ್ಥಾಪಿಸಬೇಕು. ಯುಯುಐಡಿಯಲ್ಲಿ ಒಂದು ಅಕ್ಷರ ತಪ್ಪಿದರೂ ಮುಂದಿನ ಬೂಟ್ ಎಮರ್ಜೆನ್ಸಿ ಮೋಡ್‌ಗೆ (ದುರಸ್ತಿಗಷ್ಟೇ ಇರುವ ಸ್ಥಿತಿ) ಹೋಗಿ ನಿಲ್ಲಬಹುದು, ಆದ್ದರಿಂದ ಬೆರಳಚ್ಚಿಸುವ ಬದಲು ನಕಲಿಸುವುದೇ ಲೇಸು.

ಬಳಿಕ ಗ್ರಬ್‌ನ ಬೂಟ್ ಮೆನುವಿನಲ್ಲಿ ವಿಂಡೋಸ್ ಕಾಣಿಸದಿದ್ದರೆ ಗಾಬರಿ ಬೇಡ. 2021ರ ಗ್ರಬ್ 2.06 ಆವೃತ್ತಿಯಿಂದ, ಇತರ ಸಿಸ್ಟಮ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ಪೂರ್ವನಿಯೋಜಿತವಾಗಿ ನಿಷ್ಕ್ರಿಯವಾಗಿರುತ್ತದೆ. ಗ್ರಬ್‌ನ ಸಂರಚನಾ ಕಡತದಲ್ಲಿ ಅದನ್ನು ಸಕ್ರಿಯಗೊಳಿಸಿ ಮೆನುವನ್ನು ನವೀಕರಿಸಿದರೆ ಸಾಕು. ಒಂದು ಸಿಸ್ಟಮ್ ಯುಇಎಫ್‌ಐ ಎಂಬ ಹೊಸ ಬೂಟ್ ವಿಧಾನದಲ್ಲಿಯೂ ಇನ್ನೊಂದು ಹಳೆಯ ಬಯೋಸ್ ವಿಧಾನದಲ್ಲಿಯೂ ಇನ್‌ಸ್ಟಾಲ್ ಆಗಿದ್ದರೆ ಮಾತ್ರ ಈ ಉಪಾಯ ಫಲಿಸದು. ಆಗ ಫರ್ಮ್‌ವೇರ್‌ನ (ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಬೂಟ್ ಮೆನುವಿನಿಂದಲೇ ಡ್ರೈವ್ ಆರಿಸಬೇಕಾಗುತ್ತದೆ.