ಲಿವರ್ ರಬ್ಬರ್ ಆಯ್ತು, ಸಾಸ್ ಹುಳಿಯಾಯ್ತು!

ಪ್ರಶ್ನೆ: ಫ್ರೆಂಚ್ ಶೈಲಿಯಲ್ಲಿ ಲಿವರ್ ಮಾಡೋಣ ಅಂತ ಹೊರಟೆ. ಹುರಿದ ತುಂಡುಗಳ ಮೇಲೆ ಒಂದು ಲೋಟ ರೆಡ್ ವೈನ್ ಸುರಿದು, ಮುಚ್ಚಳ ಹಾಕಿ ಅರ್ಧ ಗಂಟೆ ಬೇಯಿಸಿದೆ. ಲಿವರ್ ರಬ್ಬರಿನಂತಾಯಿತು. ಸಾಸ್ ನೀರು ನೀರು, ಮೇಲಾಗಿ ಹುಳಿ. ದುಬಾರಿ ವೈನ್ ಹಾಕಬೇಕಿತ್ತಾ?

ಉತ್ತರ: ಪಾಪ, ವೈನ್ ಏನು ಮಾಡೀತು! ಕೆಡಿಸಿದ್ದು ಆ ಅರ್ಧ ಗಂಟೆ. ಲಿವರ್ ಮಾಂಸದ ಹಾಗಲ್ಲ, ಬೇಯಿಸಿದಷ್ಟೂ ಗಟ್ಟಿಯಾಗುತ್ತದೆ. ವೈನ್‌ಗೆ ಮಾತ್ರ ಚೆನ್ನಾಗಿ ಕುದಿಯಲು ಸಮಯ ಬೇಕು. ಇಬ್ಬರನ್ನೂ ಒಂದೇ ಬಾಣಲೆಗೆ ಹಾಕಿದರೆ ಒಬ್ಬರಿಗೆ ಅನ್ಯಾಯ ಆಗೇ ಆಗುತ್ತದೆ, ಅಲ್ವಾ?

ಹಾಗಾಗಿ ಮೊದಲು ಸಾಸ್. ಸಣ್ಣ ಈರುಳ್ಳಿ ಹೆಚ್ಚಿ ಬೆಣ್ಣೆಯಲ್ಲಿ ಬಾಡಿಸಿ. 200 ಮಿಲಿ ವೈನ್, ಒಂದು ಕಡ್ಡಿ ಥೈಮ್ ಎಂಬ ಪರಿಮಳದ ಸೊಪ್ಪು, ಒಂದು ಬೇ ಎಲೆ ಹಾಕಿ ಮುಚ್ಚಳವಿಲ್ಲದೆ ಕುದಿಸಿ. ಮುಚ್ಚಿದರೆ ಆವಿ ಹೋಗುವುದೆಲ್ಲಿಂದ? ಮೂರರಲ್ಲಿ ಒಂದು ಪಾಲಿಗೆ ಇಳಿದ ಮೇಲೆ 150 ಮಿಲಿ ಮಾಂಸದ ಸ್ಟಾಕ್ (ಮಾಂಸ, ಮೂಳೆ ಬೇಯಿಸಿ ಸೋಸಿದ ನೀರು) ಸೇರಿಸಿ, ಮತ್ತೆ ಅರ್ಧಕ್ಕೆ ಇಳಿಸಿ. ಉಪ್ಪು ಈಗಲೇ ಬೇಡ. ಸಾಸ್ ಇಂಗಿದಂತೆ ಉಪ್ಪೂ ಜಾಸ್ತಿಯಾಗುತ್ತದೆ. ಸ್ಟೀಲ್ ಪಾತ್ರೆಯೇ ಇರಲಿ. ಬರಿ ಅಲ್ಯೂಮಿನಿಯಮ್‌ನಲ್ಲಿ ವೈನ್ ಕುದಿಸಿದರೆ ಲೋಹದ ರುಚಿ ಬರುತ್ತದೆ.

ಲಿವರ್ ಕೊನೆಗೆ. ಮೇಲಿನ ತೆಳು ಪೊರೆಯನ್ನು ಉಗುರಿನಿಂದ ಎಬ್ಬಿಸಿ ಎಳೆದುಬಿಡಿ. ಅದು ಉಳಿದರೆ ಬಿಸಿಗೆ ಮುದುಡಿ, ತುಂಡು ದೋಣಿಯಂತೆ ಬಾಗುತ್ತದೆ. ಒಂದು ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿ, ಒದ್ದೆಯಿಲ್ಲದಂತೆ ಒರೆಸಿ, ಮೈದಾ ಉದುರಿಸಿ ಕೊಡವಿ. ಚೆನ್ನಾಗಿ ಕಾದ ಬಾಣಲೆಯಲ್ಲಿ ಪ್ರತಿ ಬದಿಗೆ ಸುಮಾರು ಎರಡು ನಿಮಿಷ, ಅಷ್ಟೇ. ಒಳಗಿನ ಬಿಸಿ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಕು, ಕೋಳಿಯದಾದರೆ 74. ಫ್ರೆಂಚರು ಕರುವಿನ ಲಿವರನ್ನು ಒಳಗೆ ಗುಲಾಬಿ ಬಣ್ಣ ಇರುವಾಗಲೇ ಇಳಿಸುತ್ತಾರೆ. ಹಂದಿ, ಕೋಳಿಯ ಲಿವರ್‌ನಲ್ಲಿ ಆ ಸಾಹಸ ಬೇಡ.

ತುಂಡುಗಳನ್ನು ತಟ್ಟೆಗೆ ತೆಗೆದು, ಅದೇ ಬಾಣಲೆಗೆ ಸಾಸ್ ಸುರಿದು ತಳಕ್ಕೆ ಹಿಡಿದ ಕಂದು ಪದರವನ್ನು ಕೆರೆಯಿರಿ. ರುಚಿಯೆಲ್ಲ ಅಲ್ಲೇ ಕೂತಿರುತ್ತದೆ. ಒಲೆ ಆರಿಸಿ, ಫ್ರಿಜ್‌ನಿಂದ ಆಗಷ್ಟೇ ತೆಗೆದ 30 ಗ್ರಾಂ ಬೆಣ್ಣೆಯನ್ನು ತುಂಡು ತುಂಡಾಗಿ ಹಾಕಿ ತಿರುವಿ. ಸಾಸ್ ಮಿರುಗುತ್ತದೆ, ಹುಳಿಯೂ ತಗ್ಗುತ್ತದೆ. ಆಮೇಲೆ ಕುದಿಸಿದರೆ ಬೆಣ್ಣೆ ಒಡೆದು ಎಣ್ಣೆ ತೇಲುತ್ತದೆ.

ದುಬಾರಿ ಬಾಟಲಿಯನ್ನು ಸುಮ್ನೆ ಕುಡಿಯಲು ಇಟ್ಟುಕೊಳ್ಳಿ. ಸಾಸ್‌ಗೆ ಒಗರು ಕಡಿಮೆ ಇರುವ ಪಿನೋ ನ್ವಾರ್ ಅಥವಾ ಬೋಜೊಲೆ ತರಹದ ರೆಡ್ ವೈನ್ ಸಾಕು. ಒಗರಿನ ವೈನ್ ಇಂಗಿದಷ್ಟೂ ಕಹಿ. ಹಾಂ, ಗರ್ಭಿಣಿಯರಿಗೆ ಮಾತ್ರ ಇದನ್ನು ಬಡಿಸಬೇಡಿ. ಲಿವರ್‌ನಲ್ಲಿ ವಿಟಮಿನ್ ಎ ವಿಪರೀತ, ಅದು ಮಗುವಿಗೆ ಒಳ್ಳೆಯದಲ್ಲ.