ಕಾರ್ಕೆಮಿಷ್ ಕಾದಂಬರಿಗೆ: ಇಸವಿ ಹಿಂದಕ್ಕೆ ತನ್ನಿ

ನಿಮ್ಮ ಕಾದಂಬರಿಯಲ್ಲಿ ಒಬ್ಬ ಇಂಗ್ಲಿಷ್ ಪುರಾತತ್ವಜ್ಞ 1915ರಲ್ಲಿ ಕಾರ್ಕೆಮಿಷ್ ಅನ್ನೋ ಪ್ರಾಚೀನ ನಗರದ ಅವಶೇಷ ಅಗೆಯುತ್ತಾ ಬೇಹುಗಾರಿಕೆ ಮಾಡುತ್ತಾನೆ. ಕಥೆ ನಂಬೋಕೆ ಆಗಲ್ಲ ಅಂತ ನಿಮ್ಮ ಓದುಗರು ಹೇಳಿದ್ದಕ್ಕೆ ಕಾರಣ ಬಹುಶಃ ಇಸವಿ. ಆ ವರ್ಷ ಅದು ಸಾಧ್ಯವೇ ಇರಲಿಲ್ಲ. ಕಾರ್ಕೆಮಿಷ್ ಆಗ ತುರ್ಕಿಯ ಒಟ್ಟೊಮನ್ ಸಾಮ್ರಾಜ್ಯದಲ್ಲಿತ್ತು. 1914ರ ಕೊನೆಗೇ ತುರ್ಕಿ ಮೊದಲ ಮಹಾಯುದ್ಧಕ್ಕೆ ಬ್ರಿಟನ್ ವಿರುದ್ಧ ಇಳಿದಿತ್ತು. ಅಲ್ಲಿ ಇಂಗ್ಲಿಷರು ಶತ್ರುಗಳು.

ಮೊದಲು ಉತ್ಖನನದ ಭಾಗವನ್ನು 1914ರ ಬೇಸಿಗೆಗಿಂತ ಹಿಂದಕ್ಕೆ ತನ್ನಿ. ಆಗ ಸಿಗುವ ದೃಶ್ಯ ನೋಡಿ: ಯೂಫ್ರೆಟಿಸ್ ದಡದ ದಿಬ್ಬದಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನವರು ಹಿಟ್ಟೈಟರ (ಅಲ್ಲಿನ ಒಂದು ಪ್ರಾಚೀನ ಜನಾಂಗ) ಕೆತ್ತನೆಯ ಕಲ್ಲುಗಳನ್ನು ಹೊರತೆಗೆಯುತ್ತಿದ್ದಾರೆ. ಪಕ್ಕದಲ್ಲೇ ಜರ್ಮನ್ ಎಂಜಿನಿಯರುಗಳು ಬಾಗ್ದಾದ್ ರೈಲಿಗೆ ಸೇತುವೆ ಕಟ್ಟುತ್ತಿದ್ದಾರೆ!

ಆಮೇಲೆ ಬೇಹುಗಾರಿಕೆಗೆ ಗಟ್ಟಿ ನೆಪ ಕೊಡಿ. 1914ರ ಆರಂಭದಲ್ಲಿ ಕಾರ್ಕೆಮಿಷ್‌ನಲ್ಲಿ ಅಗೆಯುತ್ತಿದ್ದ ಪುರಾತತ್ವಜ್ಞರಾದ ಲಿಯೊನಾರ್ಡ್ ವೂಲಿ ಮತ್ತು ಟಿ. ಇ. ಲಾರೆನ್ಸ್ (ಮುಂದೆ 'ಲಾರೆನ್ಸ್ ಆಫ್ ಅರೇಬಿಯಾ' ಆದವನು) ಈಗಿನ ಇಸ್ರೇಲಿನ ದಕ್ಷಿಣದಲ್ಲಿರುವ ನೆಗೆವ್ ಮರುಭೂಮಿಯಲ್ಲಿ ಹಳೆಯ ಅವಶೇಷ ಹುಡುಕಿದರು. ಅದೇ ಹೊತ್ತಿಗೆ ಬ್ರಿಟಿಷ್ ಸೇನೆಯ ಕ್ಯಾಪ್ಟನ್ ನ್ಯೂಕೂಂಬ್ ತಂಡ ಅಲ್ಲಿ ನಕ್ಷೆ ಬರೆಯುತ್ತಿತ್ತು. ಇದಕ್ಕಿಂತ ಒಳ್ಳೆ ಮರೆ ಬೇಕಾ?

1915ರ ಅಧ್ಯಾಯಗಳನ್ನು ಈಜಿಪ್ಟ್‌ಗೆ ಸಾಗಿಸಿ. ಆಗ ವೂಲಿ, ಲಾರೆನ್ಸ್ ಇಬ್ಬರೂ ಬ್ರಿಟಿಷ್ ಸೇನೆಯ ಗುಪ್ತಚರ ಕೆಲಸದಲ್ಲಿ ಅಲ್ಲೇ ಇದ್ದರು. ಲಾರೆನ್ಸ್ ಕೈರೋದಲ್ಲಿ ಜಾಸ್ತಿ ನಕ್ಷೆಗಳ ಜೊತೆಗೇ ಇದ್ದ.

ಒಂದು ಎಚ್ಚರಿಕೆ. ಕಾರ್ಕೆಮಿಷ್ ಉತ್ಖನನವೇ ಬೇಹುಗಾರಿಕೆಯ ಮುಖವಾಡ ಆಗಿತ್ತಾ ಅನ್ನೋದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತ ಇಲ್ಲ. ಅದನ್ನು ಯಾವುದಾದರೂ ಪಾತ್ರದ ಅನುಮಾನವಾಗಿ ಬರೆಯಿರಿ, ನಿರೂಪಕನ ಬಾಯಲ್ಲಿ ಹೇಳಿಸಬೇಡಿ.